ಹಾಜರಿ ಪುಸ್ತಕ ಸುಟ್ಟುಹೋದ ಮೇಲೆ

1915ರ ಮೇ 22, ಶನಿವಾರ, ಸಂಜೆ 4 ಗಂಟೆ. ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ ಗ್ರೆಟ್ನಾ ಅನ್ನುವ ಊರು. ಅದರ ಹತ್ತಿರ, ರೈಲು ಹಳಿಯ ಪಕ್ಕದ ಹುಲ್ಲುಗಾವಲಿನಲ್ಲಿ ಸೈನಿಕರ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಅಪಘಾತಕ್ಕೆ ಸಿಕ್ಕು ಬೆಂಕಿ ಹತ್ತಿದ ರೈಲಿನಲ್ಲಿದ್ದವರು ಸುಮಾರು 500 ಜನ. ಈಗ ಸಾಲಿನಲ್ಲಿ ನಿಂತವರು 58 ಸೈನಿಕರು ಮತ್ತು 7 ಅಧಿಕಾರಿಗಳು.

ಹಾಗಂತ ಉಳಿದವರೆಲ್ಲ ಸತ್ತಿರಲಿಲ್ಲ. ಗಾಯಗೊಂಡ ಎಷ್ಟೋ ಜನರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಆಸ್ಪತ್ರೆಗೆ ಹೋದವರು ಯಾರು, ಬೆಂಕಿಯಲ್ಲಿ ಉಳಿದವರು ಯಾರು? ತಾಳೆ ನೋಡೋಣ ಅಂದರೆ ಹಾಜರಿ ಪುಸ್ತಕ ಬೇಕು. ಅದು ರೈಲಿನಲ್ಲೇ ಇತ್ತು. ರೈಲಿನ ಜೊತೆ ಅದೂ ಬೂದಿಯಾಗಿತ್ತು.

ಯುದ್ಧದಲ್ಲಿ ಸತ್ತ ಸ್ಕಾಟಿಷ್ ಸೈನಿಕರನ್ನು ಹಳೆಯ ದಾಖಲೆಗಳಲ್ಲಿ ಹುಡುಕುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಈ ಪ್ರಕರಣವನ್ನೇ ಹೇಳುತ್ತೇನೆ. ಇದರ ಹೆಸರು ಕ್ವಿಂಟಿನ್ಸ್‌ಹಿಲ್ ರೈಲು ಅಪಘಾತ. ಸತ್ತವರು ರಾಯಲ್ ಸ್ಕಾಟ್ಸ್‌ನ 1/7ನೇ, ಅಂದರೆ ಏಳನೇ ಪಡೆಯವರು, ಹೆಚ್ಚಿನವರು ಎಡಿನ್‌ಬರೋಗೆ ಅಂಟಿಕೊಂಡ ಬಂದರು ಪಟ್ಟಣ ಲೀತ್‌ನ ಹುಡುಗರು. ಟರ್ಕಿಯ ಗಲಿಪೊಲಿಯ ಯುದ್ಧಕ್ಕೆ ಅಂತ ಹೊರಟಿದ್ದರು. ಹಡಗು ಹತ್ತಲು ಲಿವರ್‌ಪೂಲ್‌ವರೆಗೂ ತಲುಪಲಿಲ್ಲ. ಯುದ್ಧದ ಕಾಲದಲ್ಲಿ, ಸಮವಸ್ತ್ರದಲ್ಲಿ, ಶತ್ರುವಿನ ಮುಖ ನೋಡುವ ಮೊದಲೇ, ತಮ್ಮ ನಾಡಿನ ನೆಲದಲ್ಲೇ ಸತ್ತರು. ದಾಖಲೆ ಹುಡುಕುವವರ ತಲೆನೋವು ಶುರುವಾಗುವುದು ಇಲ್ಲಿಂದಲೇ. ಸೈನಿಕ ಅಂದರೆ ಇಂಥಿಂಥ ಕಾಗದ ಇರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಇವರ ವಿಷಯದಲ್ಲಿ ಅರ್ಧಕ್ಕರ್ಧ ಕಾಗದ ಹುಟ್ಟಲೇ ಇಲ್ಲ.

ಮೊದಲು ನಡೆದದ್ದು ಏನು ಅಂತ ನೋಡೋಣ. ಅದರಲ್ಲೂ ಒಂದು ರಿಜಿಸ್ಟರಿನ ಕಥೆ ಇದೆ.

ಕ್ವಿಂಟಿನ್ಸ್‌ಹಿಲ್ ನಿಲ್ದಾಣವಲ್ಲ. ಹೊಲಗಳ ನಡುವೆ ಒಂದು ಸಿಗ್ನಲ್ ಕ್ಯಾಬಿನ್, ಎರಡು ಮುಖ್ಯ ಹಳಿ, ಆಚೀಚೆ ಗಾಡಿಗಳನ್ನು ಬದಿಗೆ ಸರಿಸಿ ನಿಲ್ಲಿಸಲು ಒಂದೊಂದು ಲೂಪ್ ಲೈನ್, ಅಷ್ಟೇ. ರಾತ್ರಿ ಪಾಳಿಯ ಸಿಗ್ನಲ್‌ಮನ್ ಜಾರ್ಜ್ ಮೀಕಿನ್ ಬೆಳಿಗ್ಗೆ 6ಕ್ಕೆ ಡ್ಯೂಟಿ ಬಿಡಬೇಕು, ಜೇಮ್ಸ್ ಟಿನ್ಸ್ಲಿ ಬಂದು ಕೂರಬೇಕು. ಇಬ್ಬರೂ ತಮ್ಮತಮ್ಮಲ್ಲೇ ಒಂದು ಹೊಂದಾಣಿಕೆ ಮಾಡಿಕೊಂಡಿದ್ದರು. ಟಿನ್ಸ್ಲಿ ಅರ್ಧ ಗಂಟೆ ತಡವಾಗಿ, ಕಾರ್ಲೈಲ್ ಕಡೆಯಿಂದ ಬರುವ ಲೋಕಲ್ ಗಾಡಿ ಹಿಡಿದು ಬರುತ್ತಿದ್ದ. ಈ ತಡ ಮೇಲಿನವರಿಗೆ ಗೊತ್ತಾಗಬಾರದಲ್ಲ? ಅದಕ್ಕೆ ಮೀಕಿನ್ 6 ಗಂಟೆಯ ನಂತರದ ವಿವರಗಳನ್ನು ರಿಜಿಸ್ಟರಿನಲ್ಲಿ ಬರೆಯದೆ ಒಂದು ಚೂರು ಕಾಗದದಲ್ಲಿ ಬರೆದಿಡುತ್ತಿದ್ದ. ಟಿನ್ಸ್ಲಿ ಬಂದು ಅದನ್ನು ತನ್ನ ಕೈಬರಹದಲ್ಲಿ ರಿಜಿಸ್ಟರಿಗೆ ನಕಲು ಮಾಡುತ್ತಿದ್ದ. ನೋಡಿದವರಿಗೆ ಸರಿಯಾಗಿ 6ಕ್ಕೆ ಅವನೇ ಬಂದು ಕೂತಂತೆ ಕಾಣುತ್ತಿತ್ತು.

ಅವತ್ತು ಎರಡೂ ಲೂಪ್‌ಗಳಲ್ಲಿ ಗೂಡ್ಸ್ ಗಾಡಿಗಳು ನಿಂತವು. ಟಿನ್ಸ್ಲಿ ಬಂದ ಲೋಕಲ್ಲನ್ನು, ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು, ಎದುರು ದಿಕ್ಕಿನ ಮುಖ್ಯ ಹಳಿಗೆ ತಳ್ಳಿ ನಿಲ್ಲಿಸಿದರು. ಆ ಹಳಿ ಖಾಲಿ ಇಲ್ಲ ಅಂತ ನೆನಪಿಸಲು ಸಿಗ್ನಲ್ ಲಿವರಿಗೆ ಒಂದು ಬಳೆ ತೊಡಿಸಬೇಕು. ತೊಡಿಸಲಿಲ್ಲ. ಲೋಕಲ್ ಗಾಡಿಯ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ನಿಯಮದಂತೆ ಕ್ಯಾಬಿನ್ನಿಗೆ ಬಂದ, ರಿಜಿಸ್ಟರಿಗೆ ಸಹಿ ಹಾಕಿದ, ಬಳೆ ತೊಡಿಸಿದ್ದಾರಾ ಅಂತ ನೋಡದೆ ಹೋದ. ಒಳಗೆ ಗೂಡ್ಸ್ ಗಾಡಿಯವರು ಯುದ್ಧದ ಸುದ್ದಿ ಮಾತಾಡುತ್ತಿದ್ದರು. ಟಿನ್ಸ್ಲಿ ತಲೆ ತಗ್ಗಿಸಿ ಆ ಚೂರು ಕಾಗದ ನೋಡಿಕೊಂಡು ನಕಲು ಮಾಡುತ್ತಿದ್ದ. ಮಧ್ಯದಲ್ಲೇ ಸೈನಿಕರ ಗಾಡಿಗೆ ಸಿಗ್ನಲ್ ಇಳಿಸಿಕೊಟ್ಟ. ತಾನೇ ಕೂತು ಬಂದ ಗಾಡಿ ಕಿಟಕಿಯಾಚೆ ಕಣ್ಣೆದುರೇ ನಿಂತಿತ್ತು. ಅವನಿಗೆ ಮರೆತುಹೋಗಿತ್ತು.

ಬೆಳಿಗ್ಗೆ 6:50ರ ಆಸುಪಾಸಿನಲ್ಲಿ ಸೈನಿಕರ ಗಾಡಿ ಲೋಕಲ್ಲಿಗೆ ಗುದ್ದಿತು. 213 ಗಜ ಉದ್ದದ ಗಾಡಿ 67 ಗಜಕ್ಕೆ ಮುದುಡಿತು. ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಲಂಡನ್ನಿನಿಂದ ಗ್ಲಾಸ್ಗೋ ಕಡೆಗೆ ಹೊರಟಿದ್ದ ಎಕ್ಸ್‌ಪ್ರೆಸ್ ಬಂದು ಆ ರಾಶಿಯ ಮೇಲೆ ಬಿತ್ತು. ಬೋಗಿಗಳು ಹಳೆಯ ಮರದವು. ದೀಪಕ್ಕೆ ಅಂತ ಕೆಳಗೆ ಗ್ಯಾಸ್ ಸಿಲಿಂಡರುಗಳು ಇದ್ದವು. ಬೆಂಕಿ ಮಾರನೇ ದಿನದವರೆಗೂ ಉರಿಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದ ಹೈಕೋರ್ಟ್ ಟಿನ್ಸ್ಲಿಗೆ 3 ವರ್ಷ, ಮೀಕಿನ್‌ಗೆ 18 ತಿಂಗಳು ಶಿಕ್ಷೆ ಕೊಟ್ಟಿತು. ಫೈರ್‌ಮನ್ ಖುಲಾಸೆಯಾದ. 1916ರ ಡಿಸೆಂಬರಿನಲ್ಲಿ ಇಬ್ಬರನ್ನೂ ಬಿಟ್ಟರು.

ಆ ಕ್ಯಾಬಿನ್ನಿನ ರಿಜಿಸ್ಟರ್ ನೋಡಲು ಅಚ್ಚುಕಟ್ಟು: ಗೆರೆ ಹಾಕಿದ ಕಾಲಂ, ಒಂದೇ ಕೈಬರಹ, ನಿಮಿಷದ ಲೆಕ್ಕ. ನಿಜ ಇದ್ದದ್ದು ಚೂರು ಕಾಗದದಲ್ಲಿ. ಅಪಘಾತ ಆಗದೇ ಹೋಗಿದ್ದರೆ ಆ ಚೂರು ಕಸದ ಬುಟ್ಟಿಗೆ ಹೋಗುತ್ತಿತ್ತು, ಸುಳ್ಳು ರಿಜಿಸ್ಟರ್ ಕಪಾಟಿನಲ್ಲಿ ಜೋಪಾನವಾಗಿ ಉಳಿಯುತ್ತಿತ್ತು. ಇದನ್ನು ಓದಿದ ಮೇಲೆ ತುಂಬಾ ನೀಟಾಗಿರುವ ದಾಖಲೆ ಕಂಡರೆ ನನಗೆ ಸ್ವಲ್ಪ ಅನುಮಾನವೇ. ಇದನ್ನು ಯಾರು, ಯಾವಾಗ, ಯಾವುದನ್ನು ನೋಡಿ ಬರೆದರು ಅಂತ ಮೊದಲು ಕೇಳಬೇಕು.

ಈಗ ಸತ್ತವರ ಲೆಕ್ಕಕ್ಕೆ ಬರೋಣ. ಸೈನಿಕರಲ್ಲಿ 83 ಶವಗಳ ಗುರುತು ಸಿಕ್ಕಿತು. 82 ಶವಗಳು ಸಿಕ್ಕವು, ಗುರುತು ಸಿಗಲಿಲ್ಲ. 50 ಜನ ಪತ್ತೆಯೇ ಆಗಲಿಲ್ಲ. ಕೂಡಿದರೆ 215. ಆಮೇಲೆ ಸೇನೆಯವರೇ ಅದರಲ್ಲಿ ಒಂದನ್ನು ಕಳೆದು 214 ಮಾಡಿದರು. ಜೊತೆಗೆ 9 ಪ್ರಯಾಣಿಕರು, 3 ರೈಲ್ವೆ ನೌಕರರು. ಹೀಗಾಗಿ ಒಂದು ಕಡೆ 227 ಅಂತ ಇರುತ್ತದೆ, ಇನ್ನೊಂದು ಕಡೆ 226. ಯಾರೋ ತಪ್ಪು ಟೈಪ್ ಮಾಡಿದ್ದಾರೆ ಅಂತ ಹೊಸಬರು ಬೈದುಕೊಳ್ಳುತ್ತಾರೆ. ತಪ್ಪಲ್ಲ. ಎರಡೂ ಅಧಿಕೃತ ಸಂಖ್ಯೆಗಳೇ, ಬೇರೆ ಬೇರೆ ದಿನದವು.

ಈ 50 ಅನ್ನುವ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಿ. ಇವರ ಸಾವಿಗೆ ಶವದ ಸಾಕ್ಷಿ ಇಲ್ಲ. ಮೈದಾನದ ಸಾಲಿನಲ್ಲಿ ಇಲ್ಲ, ಆಸ್ಪತ್ರೆಯಲ್ಲಿ ಇಲ್ಲ, ಸಿಕ್ಕ ಶವಗಳ ಲೆಕ್ಕದಲ್ಲೂ ಇಲ್ಲ, ಹಾಗಾದರೆ ಸತ್ತಿರಬೇಕು. ಕಳೆಯುತ್ತಾ ಬಂದು ಉಳಿದ ಬಾಕಿ ಇವರು. ಅಂಥ ಕಳೆಯುವ ಲೆಕ್ಕದಲ್ಲಿ ಮೊದಲ ಸಂಖ್ಯೆಯೇ, ಅಂದರೆ ರೈಲು ಹತ್ತಿದವರು ಎಷ್ಟು ಅನ್ನುವುದೇ, ಹಾಜರಿ ಪುಸ್ತಕದ ಜೊತೆ ಸುಟ್ಟುಹೋಗಿತ್ತು.

ಈಗ ಇವರಲ್ಲಿ ಒಬ್ಬ ಹುಡುಗನನ್ನು ಹುಡುಕಬೇಕು ಅಂದುಕೊಳ್ಳಿ. ಮನೆಯಲ್ಲಿ ಒಂದು ಹೆಸರು ಗೊತ್ತಿದೆ, ಲೀತ್‌ನವನು ಅಂತ ಗೊತ್ತಿದೆ, ಮೇ 22ರಂದು ತೀರಿಕೊಂಡ ಅಂತ ಗೊತ್ತಿದೆ.

ಎಲ್ಲರೂ ಮೊದಲು ಕೈಹಾಕುವುದು ಪದಕದ ಕಾರ್ಡುಗಳಿಗೆ. ಮೊದಲ ಮಹಾಯುದ್ಧದ ಸೈನಿಕರಿಗೆ ಕೊಟ್ಟ ಪದಕಗಳ ಕಾರ್ಡ್ ಸೂಚಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇದೆ, ಸುಲಭವಾಗಿ ಹುಡುಕಬಹುದು. ನಮ್ಮ ಹುಡುಗ ಅಲ್ಲಿ ಸಿಗುವುದಿಲ್ಲ. ಆ ಪದಕಗಳಿಗೆ ಹೊರದೇಶದ ಸೇವೆ ಬೇಕು. ಇವನು ಬ್ರಿಟನ್ ದಾಟಲೇ ಇಲ್ಲ, ಪದಕವೂ ಇಲ್ಲ, ಕಾರ್ಡೂ ಇಲ್ಲ. ಕಾರ್ಡ್ ಇಲ್ಲ ಅಂದಮೇಲೆ ಸೈನಿಕನೇ ಅಲ್ಲ ಅಂತ ತೀರ್ಮಾನಿಸಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಸತ್ತವರ ಮನೆಗೆ ಕಳಿಸುತ್ತಿದ್ದ ಹೆಸರು ಕೆತ್ತಿದ ಕಂಚಿನ ಬಿಲ್ಲೆಯ ವಿಷಯ ಬೇರೆ. ಅದಕ್ಕೆ ಗಡಿ ದಾಟಿರಬೇಕು ಅನ್ನುವ ಷರತ್ತು ಇರಲಿಲ್ಲ. ಮನೆಯ ಅಟ್ಟದಲ್ಲಿ ಪದಕ ಇಲ್ಲದೆ ಬರೀ ಬಿಲ್ಲೆ ಸಿಕ್ಕಿದರೆ ಅದೇ ಒಂದು ಸುಳಿವು.

ಮುಂದೆ ಸೇವಾ ಕಡತ. ಸೈನಿಕರ ಕಡತಗಳನ್ನು ಲಂಡನ್ನಿನ ಒಂದು ಗೋದಾಮಿನಲ್ಲಿ ಇಟ್ಟಿದ್ದರು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಉಳಿದವನ್ನು ಇವತ್ತಿಗೂ 'ಸುಟ್ಟ ದಾಖಲೆಗಳು' ಅಂತಲೇ ಕರೆಯುತ್ತಾರೆ. ಅಂಚು ಕರಕಲು, ನೀರಿನ ಕಲೆ, ಅರ್ಧ ಸಾಲು. ಈ ಪಡೆಯ ಮಟ್ಟಿಗೆ ಇದು ಎರಡನೇ ಬೆಂಕಿ. ಕಡತ ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಹಾಗಾದರೆ ಎಲ್ಲಿ ಹುಡುಕೋದು? ಸೈನಿಕ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅಪಘಾತದಲ್ಲಿ ಸತ್ತ ಒಬ್ಬ ಸಾಮಾನ್ಯ ಮನುಷ್ಯ ಅಂತ ನೋಡಿ.

ಫ್ರಾನ್ಸಿನಲ್ಲೋ ಟರ್ಕಿಯಲ್ಲೋ ಸತ್ತ ಸೈನಿಕನ ಸಾವು ಸ್ಕಾಟ್ಲೆಂಡಿನ ಊರಿನ ಜನನ ಮರಣ ರಿಜಿಸ್ಟರಿಗೆ ಬರುವುದಿಲ್ಲ, ಅದಕ್ಕೆ ಬೇರೆ ಪುಸ್ತಕ. ಇವರು ಸತ್ತದ್ದು ಸ್ಕಾಟ್ಲೆಂಡಿನಲ್ಲಿ. ಹಾಗಾಗಿ ನಾಡಿನ ಕಾನೂನಿನಂತೆ ಸಾವು ಆದ ಜಾಗದಲ್ಲಿ ನೋಂದಣಿ ಆಗಬೇಕು. ಲೀತ್‌ನಲ್ಲಿ ಹುಡುಕಿ ಸುಸ್ತಾದವರು ಗ್ರೆಟ್ನಾದ ಪುಸ್ತಕ ತೆಗೆಯಬೇಕು. ಸ್ಕಾಟ್ಲೆಂಡಿನ ಮರಣ ನೋಂದಣಿ ಎಷ್ಟು ಧಾರಾಳ ಅಂದರೆ, ಸತ್ತವನ ಅಪ್ಪನ ಹೆಸರು, ಅಪ್ಪನ ಕೆಲಸ, ಅಮ್ಮನ ಹೆಸರು, ಅಮ್ಮನ ತವರುಮನೆಯ ಹೆಸರು, ಎಲ್ಲಾ ಇರುತ್ತದೆ. ತವರುಮನೆಯ ಹೆಸರು ಸುಮ್ನೆ ಅಲಂಕಾರಕ್ಕಲ್ಲ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವಲ್ಲ, ಸ್ಕಾಟ್ಲೆಂಡಿನಲ್ಲೂ ಅದೇ ರೂಢಿ ಇತ್ತು. ಹಿರಿಯ ಮಗನಿಗೆ ಅಪ್ಪನ ಅಪ್ಪನ ಹೆಸರು. ಅಣ್ಣತಮ್ಮಂದಿರು ಇಬ್ಬರೂ ತಮ್ಮ ಹಿರಿಯ ಮಗನಿಗೆ ಒಂದೇ ಹೆಸರು ಇಟ್ಟರೆ ಒಂದೇ ಬೀದಿಯಲ್ಲಿ, ಒಂದೇ ಪಡೆಯಲ್ಲಿ ಒಂದೇ ಹೆಸರಿನ ಇಬ್ಬರು ಸಿಗುತ್ತಾರೆ. ಅವರನ್ನು ಬೇರೆ ಮಾಡುವುದು ಅಮ್ಮನ ಹೆಸರು.

ಈಗ ಗೋಜಲು ನೋಡಿ. ಗಾಯಗೊಂಡವರಲ್ಲಿ ಎಷ್ಟೋ ಜನರನ್ನು ಕಾರ್ಲೈಲ್‌ಗೆ ಒಯ್ದರು. ಕ್ವಿಂಟಿನ್ಸ್‌ಹಿಲ್‌ನಿಂದ ಸುಮಾರು 10 ಮೈಲಿ ದೂರ. ಆದರೆ ನಡುವೆ ಗಡಿ ಇದೆ, ಕಾರ್ಲೈಲ್ ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಪ್ರಾಣ ಬಿಟ್ಟವನ ಸಾವು ಇಂಗ್ಲೆಂಡಿನ ರಿಜಿಸ್ಟರಿಗೆ ಹೋಯಿತು. ಇಂಗ್ಲೆಂಡಿನ ಆ ಕಾಲದ ಮರಣ ಪತ್ರದಲ್ಲಿ ಅಮ್ಮನ ಹೆಸರಿಗೆ ಜಾಗವೇ ಇಲ್ಲ. ಇಬ್ಬರು ಗೆಳೆಯರು ಒಂದೇ ಬೋಗಿಯಲ್ಲಿದ್ದರು ಅಂದುಕೊಳ್ಳಿ. ಒಬ್ಬ ಹಳಿಯ ಮೇಲೆ ಸತ್ತ, ಇನ್ನೊಬ್ಬ ಸಂಜೆ ಆಸ್ಪತ್ರೆಯಲ್ಲಿ ಸತ್ತ. ಮೊದಲಿನವನ ಅಮ್ಮ ಕಾಗದದಲ್ಲಿ ಉಳಿದಳು. ಎರಡನೆಯವನ ಅಮ್ಮ ಉಳಿಯಲಿಲ್ಲ.

ಕೋರ್ಟಿನ ಕಾಗದಕ್ಕೂ ಇದೇ ಕಥೆ. ಅನುಮಾನಾಸ್ಪದ ಸಾವಿಗೆ ಇಂಗ್ಲೆಂಡಿನಲ್ಲಿ ಕೊರೋನರ್ ಇರುತ್ತಾನೆ, ಸ್ಕಾಟ್ಲೆಂಡಿನಲ್ಲಿ ಕೊರೋನರ್ ಅನ್ನುವ ಹುದ್ದೆಯೇ ಇಲ್ಲ, ಆ ಕೆಲಸ ಸರ್ಕಾರಿ ವಕೀಲನದು. ಅದಕ್ಕೇ ಕಾರ್ಲೈಲ್‌ನಲ್ಲಿ ಸತ್ತವರ ಮೇಲೆ ಅಲ್ಲೊಂದು ವಿಚಾರಣೆ ನಡೆಯಿತು, ಮೊಕದ್ದಮೆ ಎಡಿನ್‌ಬರೋದಲ್ಲಿ ನಡೆಯಿತು, ರೈಲ್ವೆ ತನಿಖೆ ಕರ್ನಲ್ ಡ್ರೂಯಿಟ್ ಅವರದ್ದು ಇನ್ನೊಂದು. ಮೂರೂ ಮೂರು ಕಡೆ. ಮೂರನ್ನೂ ಓದಿದರೂ ಸತ್ತ ಸೈನಿಕನ ಬಗ್ಗೆ ತಿಳಿಯುವುದು ಕಮ್ಮಿಯೇ. ಅವು ಬದುಕಿದ್ದ ಸಿಗ್ನಲ್‌ಮನ್ನರ ಬಗ್ಗೆ ಬರೆದ ಕಾಗದಗಳು.

ಸೈನಿಕನ ಬಗ್ಗೆ ಹೆಚ್ಚು ಹೇಳುವುದು ದುಡ್ಡಿನ ಕಾಗದ. ಸರ್ಕಾರ ಎಲ್ಲಿ ದುಡ್ಡು ಕೊಡುತ್ತದೋ ಅಲ್ಲಿ ಸರಿಯಾಗಿ ಬರೆದಿಡುತ್ತದೆ, ಇದು ಎಲ್ಲಾ ದೇಶಕ್ಕೂ ಒಂದೇ ಅಲ್ವಾ? ಸತ್ತ ಸೈನಿಕನ ಬಾಕಿ ಸಂಬಳ ಯಾರ ಕೈಗೆ ಹೋಯಿತು ಅನ್ನುವ ದೊಡ್ಡ ಲೆಡ್ಜರುಗಳು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿವೆ. ಹೆಸರು, ನಂಬರು, ಸತ್ತ ದಿನ, ಇಷ್ಟು ಪೌಂಡು ಇಷ್ಟು ಷಿಲಿಂಗ್ ಇಷ್ಟು ಪೆನ್ಸ್, ಪಡೆದವರು ಅಮ್ಮ, ಅಥವಾ ಅಕ್ಕ, ಅಥವಾ ಹೆಂಡತಿ. ಹಾಜರಿ ಪುಸ್ತಕ ಸುಟ್ಟರೂ ಸಂಬಳದ ಲೆಕ್ಕಕ್ಕೆ ಬೆಂಕಿ ತಗಲಲಿಲ್ಲ. ಅಪ್ಪನ ಬದಲು ಅಮ್ಮನ ಹೆಸರು ಇದ್ದರೆ ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದನೇನೋ ಅಂತ 1911ರ ಜನಗಣತಿಗೆ ಹೋಗಿ ನೋಡಬಹುದು. ವಿಳಾಸಕ್ಕೆ 1915ರ ಮನೆ ಕಂದಾಯದ ಪಟ್ಟಿಯೂ ಇದೆ.

ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್‌ನಲ್ಲಿ ಸೈನಿಕರ ಉಯಿಲುಗಳಿವೆ. ಮೊದಲ ಮಹಾಯುದ್ಧದವೇ ಸುಮಾರು 26,000. ಹೆಚ್ಚಿನವು ಸಂಬಳದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದವು: ನಾನು ಸತ್ತರೆ ನನ್ನದೆಲ್ಲಾ ಅಮ್ಮನಿಗೆ, ಸಹಿ, ತಾರೀಖು. ಎರಡೇ ಸಾಲು. ಆದರೆ ಆ ಪುಸ್ತಕ ಇರುತ್ತಿದ್ದದ್ದು ಸೈನಿಕನ ಜೇಬಿನಲ್ಲಿ. ಈ ರೈಲಿನ ಮಟ್ಟಿಗೆ ಅದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ನಂಬರಿನ ವಿಷಯಕ್ಕೆ ಒಂದು ಎಚ್ಚರಿಕೆ. ಇವರ ಪಡೆ ಟೆರಿಟೋರಿಯಲ್, ಅಂದರೆ ಊರಿನವರು ಬಿಡುವಿನಲ್ಲಿ ತರಬೇತಿ ಪಡೆದು ಕಟ್ಟಿಕೊಂಡದ್ದು. 1917ರವರೆಗೆ ಒಂದೊಂದು ಪಡೆ ತನ್ನ ಪಾಡಿಗೆ ತಾನು ಚಿಕ್ಕ ನಂಬರು ಕೊಡುತ್ತಿತ್ತು. ಹಾಗಾಗಿ ಒಂದೇ ನಂಬರಿನ ಸೈನಿಕ ರಾಯಲ್ ಸ್ಕಾಟ್ಸ್‌ನ 4ನೇ ಪಡೆಯಲ್ಲೂ ಇರಬಹುದು, 7ನೇ ಪಡೆಯಲ್ಲೂ ಇರಬಹುದು. ಆರು ಅಂಕಿಯ ನಂಬರು ಬಂದದ್ದು 1917ರಲ್ಲಿ. 1915ರಲ್ಲೇ ಸತ್ತವನಿಗೆ ಆರು ಅಂಕಿಯ ನಂಬರು ಹಚ್ಚಿದ ಪಟ್ಟಿ ಕಂಡರೆ ಎಲ್ಲೋ ಇಬ್ಬರು ಒಂದಾಗಿದ್ದಾರೆ ಅಂತಲೇ ತಿಳಿಯಿರಿ.

ತಾರೀಖಿನ ಗೊಂದಲವೂ ಇದೆ. ಇದೇ ಪಡೆಯ ಇನ್ನರ್ಧ ಬೇರೆ ರೈಲಿನಲ್ಲಿ ಸುರಕ್ಷಿತವಾಗಿ ಹೋಗಿ ಗಲಿಪೊಲಿ ತಲುಪಿತು. ಜೂನ್ 28ರಂದು ಗಲ್ಲಿ ರವೀನ್ ಅನ್ನುವಲ್ಲಿ ಅದರಲ್ಲೂ ತುಂಬಾ ಜನ ಸತ್ತರು. ಎರಡು ಸಾವುಗಳ ನಡುವೆ ಐದೇ ವಾರ. 'ಲೀತ್‌ನವನು, ಏಳನೇ ರಾಯಲ್ ಸ್ಕಾಟ್ಸ್, 1915' ಅನ್ನುವಷ್ಟೇ ಮನೆಯ ನೆನಪಿನಲ್ಲಿ ಉಳಿದಿದ್ದರೆ ರೈಲೋ ಯುದ್ಧವೋ ಹೇಳಲಾಗದು. ಪದಕದ ಕಾರ್ಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಇದ್ದರೆ ಹಡಗು ಹತ್ತಿದವನು.

ಇಷ್ಟೆಲ್ಲಾ ಯಾಕೆ, ಸತ್ತವರ ಪಟ್ಟಿಗಳು ಪ್ರಕಟವಾಗಿವೆಯಲ್ಲ ಅಂತ ಕೇಳುತ್ತಾರೆ. ನಿಜ, ಇವೆ. 1921ರಲ್ಲಿ ಸರ್ಕಾರ ಅಚ್ಚು ಹಾಕಿಸಿದ ಸಂಪುಟಗಳಿವೆ, ಬ್ರಿಟನ್ ಒಳಗೇ ಸತ್ತವರಿಗೆ ಅದರಲ್ಲಿ 'ಹೋಮ್' ಅಂತ ಹಾಕಿದ್ದಾರೆ. ಮನೆ ಅನ್ನುವ ಅರ್ಥದ ಆ ಪದ ಇಲ್ಲಿ ಕೊಂಚ ಚುಚ್ಚುತ್ತದೆ. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಆಯೋಗದ ಪಟ್ಟಿ ಇದೆ. ಎಡಿನ್‌ಬರೋ ಕೋಟೆಯೊಳಗೆ 1927ರಲ್ಲಿ ತೆರೆದ ರಾಷ್ಟ್ರೀಯ ಸ್ಮಾರಕದಲ್ಲಿ ಹೆಸರಿನ ಪುಸ್ತಕಗಳಿವೆ. ಮೂರರಲ್ಲೂ ಹೆಸರು ಸಿಕ್ಕರೆ ಮೂರು ಸಾಕ್ಷಿ ಸಿಕ್ಕಿತು ಅಂತ ಖುಷಿಪಡಬೇಡಿ. ಎಲ್ಲಾ ಪಟ್ಟಿಗಳೂ ಒಂದೇ ಸೇನಾ ದಫ್ತರದಿಂದ ಇಳಿದು ಬಂದಿದ್ದರೆ ಅದು ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ. ಮರಣ ನೋಂದಣಿ ಬರೆದದ್ದು ಬೇರೆ ಕೈ, ಸಂಬಳದ ಲೆಡ್ಜರ್ ಬರೆದದ್ದು ಬೇರೆ ಕೈ. ಆ ಎರಡು ಹೊಂದಿದರೆ ನಾನು ನಂಬುತ್ತೇನೆ.

ಇಷ್ಟು ಕಾಗದ ಓದಿದ ಮೇಲೆ ರೋಸ್‌ಬ್ಯಾಂಕ್ ಸ್ಮಶಾನಕ್ಕೆ ಹೋಗಬೇಕು. ಎಡಿನ್‌ಬರೋಗೂ ಲೀತ್‌ಗೂ ನಡುವೆ, ಪಿಲ್‌ರಿಗ್ ಬೀದಿಯ ಮೂಲೆಯಲ್ಲಿದೆ. ಲೀತ್ ಆಗ ಸ್ವಂತ ಪುರಸಭೆ ಇದ್ದ ಬೇರೆ ಊರು, ಎಡಿನ್‌ಬರೋಗೆ ಸೇರಿದ್ದು 1920ರಲ್ಲಿ. ಶವಪೆಟ್ಟಿಗೆಗಳನ್ನು ಮೊದಲು ಡಾಲ್ಮೆನಿ ಬೀದಿಯ ಡ್ರಿಲ್ ಹಾಲಿಗೆ ತಂದರು. ಆ ಹುಡುಗರು ಕವಾಯತು ಕಲಿತದ್ದೂ ಅದೇ ಹಾಲಿನಲ್ಲಿ. ಅಲ್ಲಿಂದ ರೋಸ್‌ಬ್ಯಾಂಕ್‌ಗೆ ತಂದು ಒಂದೇ ದೊಡ್ಡ ಗುಂಡಿಯಲ್ಲಿ ಮೂರು ಪದರಕ್ಕೆ ಇಟ್ಟು ಮಣ್ಣು ಮಾಡಿದರು. 1916ರ ಮೇ ತಿಂಗಳಲ್ಲಿ ಅಲ್ಲಿ ಒಂದು ಕಲ್ಲಿನ ಶಿಲುಬೆ ನಿಲ್ಲಿಸಿದರು. ಸತ್ತವರ ಹೆಸರುಗಳು ಕಂಚಿನ ಫಲಕಗಳಲ್ಲಿವೆ, ಸಾಮಾನ್ಯ ಸಿಪಾಯಿಯದ್ದೂ ಸೇರಿ.

ಈ ಕೊನೆಯ ಮಾತು ದೊಡ್ಡದು. ನಮ್ಮ ಶ್ರೀರಂಗಪಟ್ಟಣದಲ್ಲಿ ಗುಂಬಜ್ ಹತ್ತಿರ ಕರ್ನಲ್ ವಿಲಿಯಂ ಬೈಲಿಯ ಸ್ಮಾರಕ ಇದೆ, ನೋಡಿರುತ್ತೀರಿ. ಅವನೂ ಸ್ಕಾಟ್ಲೆಂಡಿನವನು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. 1816ರಲ್ಲಿ ಅವನ ಸಂಬಂಧಿಕ ಸ್ಮಾರಕ ಕಟ್ಟಿಸಿದ. ಅವನ ಜೊತೆ ಸೆರೆಸಿಕ್ಕವರಲ್ಲಿ 73ನೇ ಹೈಲ್ಯಾಂಡರ್ಸ್ ಪಡೆಯ ಸಿಪಾಯಿಗಳೂ ಇದ್ದರು. ಅವರ ಹೆಸರು ಬೇಕಾದರೆ ಕ್ಯೂಗೆ ಹೋಗಿ ಸಂಬಳದ ಮಸ್ಟರ್ ಪುಸ್ತಕಗಳನ್ನು ಬಿಡಿಸಬೇಕು. ಅಲ್ಲೂ ದುಡ್ಡಿನ ಕಾಗದವೇ ಗತಿ.

ರೋಸ್‌ಬ್ಯಾಂಕ್‌ನ ಕಂಚಿನಲ್ಲೂ ಜಾಗ ಸಿಗದ ಕೆಲವರು ಇದ್ದಾರೆ. ಬೆಂಕಿ ಆರಿದ ಮೇಲೆ ನಾಲ್ಕು ಶವಗಳನ್ನು ಯಾರೂ ತಮ್ಮವರು ಅಂತ ಕೇಳಿಕೊಂಡು ಬರಲಿಲ್ಲ. ಮಕ್ಕಳಿರಬೇಕು ಅಂದುಕೊಂಡರು. ಒಂದು ಪೆಟ್ಟಿಗೆಯ ಮೇಲೆ 'ಚಿಕ್ಕ ಹುಡುಗಿ, ಗುರುತಿಸಲಾಗದು' ಅಂತ, ಇನ್ನೊಂದರ ಮೇಲೆ 'ಮೂರು ಮುಂಡ, ಗುರುತಿಸಲಾಗದು' ಅಂತ ಬರೆದು ಗ್ಲಾಸ್ಗೋದ ವೆಸ್ಟರ್ನ್ ನೆಕ್ರೊಪೊಲಿಸ್ ಸ್ಮಶಾನದಲ್ಲಿ ಹೂತರು. ಮಕ್ಕಳು ಕಾಣೆಯಾಗಿದ್ದಾರೆ ಅಂತ ಯಾರಾದರೂ ಹುಡುಕಿಕೊಂಡು ಬರಬೇಕಿತ್ತಲ್ಲ? ಬರಲಿಲ್ಲ. ಹಾಗಾಗಿ ಆ ಮೂರು ಮುಂಡಗಳು ಮಕ್ಕಳದ್ದಲ್ಲ, ಪತ್ತೆಯಾಗದ 50 ಸೈನಿಕರಲ್ಲಿ ಮೂವರದ್ದು ಅನ್ನುವ ಗುಮಾನಿ ನನಗಿದೆ. ಹಾಗೆ ಸುಟ್ಟ ದೇಹ ಕುಗ್ಗುತ್ತದೆ. ಇದು ನನ್ನ ಊಹೆ ಮಾತ್ರ, ಕಾಗದದಲ್ಲಿ ಇಲ್ಲ. ಈ ನಾಲ್ಕು ಶವಗಳನ್ನು ಅಧಿಕೃತ 227ರಲ್ಲೂ ಎಣಿಸಿಲ್ಲ, 226ರಲ್ಲೂ ಎಣಿಸಿಲ್ಲ. 2011ರಲ್ಲಿ ಗ್ಲಾಸ್ಗೋದ ಆ ಜಾಗದಲ್ಲಿ ಒಂದು ಕಲ್ಲು ನೆಟ್ಟರು. ಅದರ ಮೇಲೆ ಬರೆಯಲು ಅವರಿಗೆ ಹೆಸರು ಸಿಗಲಿಲ್ಲ.